ಐವತ್ತು ದಾಟಿದ ಮೇಲಿನ ಹೊಂಬಣ್ಣ

ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ಬೀದಿಗೆ ಮುಖ ಮಾಡಿದ ಉದ್ದನೆಯ ಕೋಣೆಯಲ್ಲಿ, ರಫೂ ಕೆಲಸ ಮಾಡುವ ಹೆಂಗಸೊಬ್ಬಳಿದ್ದಾಳೆ. ಬೀದಿಯವರಿಗೆಲ್ಲ ಅವಳು ನೂಲಕ್ಕ. ಸಿಗರೇಟಿನ ಕಿಡಿ ಬಿದ್ದ ಕೋಟು, ನುಸಿ ತಿಂದ ಶಾಲು, ಮೊಳೆಗೆ ಸಿಕ್ಕಿ ಹರಿದ ಪರದೆ, ಏನನ್ನು ಕೊಟ್ಟರೂ ಅದು ವಾಪಸು ಬರುವಾಗ ತೂತು ಎಲ್ಲಿತ್ತೆಂದು ಕೊಟ್ಟವರೇ ಹುಡುಕಬೇಕು. ಇದರಲ್ಲಿ ಮಂತ್ರವೇನೂ ಇಲ್ಲ. ಅವಳು ಹೊರಗಿನ ದಾರವನ್ನು ಮುಟ್ಟುವುದಿಲ್ಲ, ಅಷ್ಟೇ. ಅದೇ ಬಟ್ಟೆಯ ಒಳಮಡಿಕೆಯನ್ನು ಬಿಚ್ಚಿ, ಯಾರ ಕಣ್ಣಿಗೂ ಬೀಳದ ಅಂಚಿನಿಂದ ಒಂದೊಂದೇ ಎಳೆಯನ್ನು ಎಳೆದು ತೆಗೆದು, ಆ ಎಳೆಗಳಿಂದಲೇ ತೂತಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹೊಸದಾಗಿ ನೇಯುತ್ತಾಳೆ. ಬಟ್ಟೆ ತನ್ನದೇ ನೂಲಿನಿಂದ ತನ್ನನ್ನು ಮುಚ್ಚಿಕೊಳ್ಳುತ್ತದೆ.

ಕೋಣೆಯ ಕಿಟಕಿ ಉತ್ತರಕ್ಕಿದೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ಬೆಳಕು ಮಾತ್ರ ನೀರು ತುಂಬಿದ ಹಾಗೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಗೋಡೆಯುದ್ದಕ್ಕೂ ಕೊಕ್ಕೆಗಳಲ್ಲಿ ಕೋಟುಗಳು ನೇತಾಡುತ್ತವೆ. ಬೆನ್ನು ತಿರುಗಿಸಿ ನಿಂತು ಯಾವುದನ್ನೋ ಕಾಯುತ್ತಿರುವ ಜನರಂತೆ. ಬಾಗಿಲು ತೆರೆದರೆ ಅವುಗಳ ತೋಳುಗಳು ಒಂದಿಷ್ಟು ಅಲ್ಲಾಡಿ ಮತ್ತೆ ಸುಮ್ಮನಾಗುತ್ತವೆ. ನೂಲಕ್ಕ ಭೂತಗನ್ನಡಿಯ ಮೇಲೆ ಬಗ್ಗಿ, ಬಿಡುವಿನ ಸೂಜಿಯನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡು ಕೂತಿರುತ್ತಾಳೆ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ, ಕಚ್ಚಿಕೊಂಡೇ ನಗುತ್ತಾಳೆ.

ಅವಳ ಜೊತೆಗಿರುವವಳು ತಂಗಿ. ಅವಳಿಗೂ ಐವತ್ತಾಗಿದೆ, ಆದರೂ ಅಕ್ಕನ ಬಾಯಲ್ಲಿ ಈಗಲೂ ಗುಬ್ಬಿ. ಹಿಂದೆ ಮದುವೆಯಾಗಿ ಹೋಗಿ, ಬೇಗನೆ ವಾಪಸು ಬಂದವಳು. ಯಾಕೆಂದು ನಾನು ಕೇಳಿಲ್ಲ, ಕೇಳುವಂಥದ್ದೂ ಅಲ್ಲ. ಕೆಳಬೀದಿಯ ಚಿತ್ರಮಂದಿರದಲ್ಲಿ ಟಿಕೆಟ್ ಕೊಡುತ್ತಾಳೆ. ದಿನವಿಡೀ ಗಾಜಿನ ಹಿಂದೆ ಕೂತು, ಅಂಗೈಯಗಲದ ತೂತಿನಿಂದ ಟಿಕೆಟ್ ನೂಕಿ, ಜನ ಇಲ್ಲದಾಗ ಅದೇ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾಳೆ.

ಮುಖ ನೋಡಿಕೊಳ್ಳುವುದಕ್ಕೆ ಕಾರಣವಿತ್ತು. ಆ ಮನೆತನದಲ್ಲಿ ಹೆಂಗಸರು ಐವತ್ತು ದಾಟಿದ ಮೇಲೆ ಹೊಂಬಣ್ಣಕ್ಕೆ ತಿರುಗುತ್ತಾರೆ ಎನ್ನುವುದೊಂದು ಹೆಮ್ಮೆ. ಅಜ್ಜಿ ತಿರುಗಿದ್ದಳು, ತಾಯಿ ತಿರುಗಿದ್ದಳು. ಓರಗೆಯ ಹೆಂಗಸರು ಬಾಡುವ ಹೊತ್ತಿಗೆ ಇವರ ಮುಖ, ಕತ್ತು, ಮುಂಗೈ ಉಜ್ಜಿಟ್ಟ ಕಂಚಿನ ಹಾಗೆ ಹೊಳೆಯತೊಡಗುತ್ತಿದ್ದವು. ನೆಂಟರು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರಂತೆ. ಅಜ್ಜಿ ಅರವತ್ತು ಕಾಣಲಿಲ್ಲ. ತಾಯಿ ಸಕ್ಕರೆ ಕಾಯಿಲೆಯಲ್ಲಿ ನವೆದು, ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದವಳು, ಕೊನೆಗೆ ಕುಡುಕರಿಗೆ ಬರುವ ಲಿವರ್ ಕಾಯಿಲೆಯಿಂದ ಹೋದಳು. ಈ ಎರಡನ್ನೂ ಆ ಬಣ್ಣದ ಪಕ್ಕದಲ್ಲಿಟ್ಟು ಯಾರೂ ನೋಡಲಿಲ್ಲ. "ಸತ್ತು ಮಲಗಿದಾಗಲೂ ಚಿನ್ನದ ಗೊಂಬೆ ಹಾಗಿದ್ಲು ನಮ್ಮಮ್ಮ" ಎಂದು ಗುಬ್ಬಿ ನನಗೇ ಎಷ್ಟೋ ಸಲ ಹೇಳಿದ್ದಾಳೆ.

ನೂಲಕ್ಕನ ಮುಟ್ಟು ನಿಂತು ಕೆಲವು ವರ್ಷವಾದ ಮೇಲೆ ಅವಳಿಗೂ ಆ ಬಣ್ಣ ಬಂತು. ಜೊತೆಗೆ ಸುಸ್ತೂ ಬಂತು. ಬೆಳಗ್ಗೆ ಎದ್ದರೆ ಮೈ ನೆನೆದ ಕಂಬಳಿಯಷ್ಟು ಭಾರ. ಆಮೇಲೆ ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳು ಊದಿಕೊಂಡವು. ಬೇರೆ ಬೆರಳುಗಳಿಗೆ ಏನೂ ಇಲ್ಲ, ಸೂಜಿ ಹಿಡಿಯುವ ಎರಡಕ್ಕೇ ನೋವು. ಹಣೆಬರಹ ಆರಿಸಿ ಹೊಡೆದ ಹಾಗೆ ಕಾಣುತ್ತಿತ್ತು. ಹಣೆಬರಹವಲ್ಲ, ಆ ಕಾಯಿಲೆಯ ಅಭ್ಯಾಸವೇ ಅದು ಎಂದು ಆಮೇಲೆ ತಿಳಿಯಿತು.

ದೊಡ್ಡಾಸ್ಪತ್ರೆಯ ಡಾಕ್ಟರು ಅವಳ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರಂತೆ: "ನಿಮ್ಮ ಬಣ್ಣ ಮೊದಲಿಂದ ಹೀಗೇನಾ?"

"ಇಲ್ಲ ಡಾಕ್ಟ್ರೇ, ಈಗೀಗ ಬಂತು. ನಮ್ಮ ಮನೆತನದ್ದು" ಎಂದಳು ನೂಲಕ್ಕ, ಒಂದಿಷ್ಟು ಬಿಂಕದಿಂದಲೇ.

"ಮನೆತನದ್ದೇ ಇರ್ಬೇಕು" ಎಂದು ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು.

ಕಾಯಿಲೆಯ ಹೆಸರು ಹಿಮೋಕ್ರೊಮಟೋಸಿಸ್. ಊಟದಲ್ಲಿರುವ ಕಬ್ಬಿಣವನ್ನು ಮೈ ತನಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಡಬೇಕು. ಇವರ ಮೈ ಬಿಡುವುದಿಲ್ಲ. ಸಿಕ್ಕಿದ್ದನ್ನೆಲ್ಲ ಒಳಗೆಳೆದುಕೊಂಡು ಲಿವರಿನಲ್ಲಿ, ಕೀಲಿನಲ್ಲಿ, ಚರ್ಮದಲ್ಲಿ ಅಡಗಿಸಿಡುತ್ತದೆ. ಹುಟ್ಟಿನಿಂದಲೇ ಬಂದ ಗುಣ. ಹೆಂಗಸರಿಗೆ ಮುಟ್ಟು ಇರುವವರೆಗೆ ತಿಂಗಳಿಗಿಷ್ಟು ಹೊರಗೆ ಹೋಗುತ್ತಿರುತ್ತದೆ. ನಿಂತ ಮೇಲೆ ಒಳಗೇ ತುಂಬತೊಡಗುತ್ತದೆ. ಹೊಂಬಣ್ಣ ಎಂದು ಮೂರು ತಲೆಮಾರು ಹೊಗಳಿದ್ದು ಈ ಕಬ್ಬಿಣವನ್ನು.

ಔಷಧಿ ಎಂದರೆ ರಕ್ತ ತೆಗೆಯುವುದು. ವಾರಕ್ಕೊಂದು ಸಲ, ಒಳಗಿನ ದಾಸ್ತಾನು ಇಳಿಯುವವರೆಗೆ. ಆಮೇಲೆ ವರ್ಷಕ್ಕೆ ಕೆಲವು ಸಲ, ಬದುಕಿರುವವರೆಗೆ. ರಕ್ತ ಹೋದರೆ ಮೈ ಹೊಸ ರಕ್ತ ಮಾಡಬೇಕು, ಅದಕ್ಕೆ ಬೇಕಾದ ಕಬ್ಬಿಣವನ್ನು ಲಿವರಿನಿಂದ ತೆಗೆದುಕೊಳ್ಳುತ್ತದೆ ಎಂದು ಡಾಕ್ಟರು ವಿವರಿಸಿದಾಗ ನೂಲಕ್ಕನ ಮುಖ ಅರಳಿತಂತೆ.

"ಅಂದ್ರೆ ಒಳಮಡಿಕೆಯಿಂದ ಎಳೆ ತೆಗೆದು ಮೇಲಿನ ತೂತಿಗೆ ಹಾಕೋದು."

ಗುಂಡಿ ಹೊಲಿದುಕೊಳ್ಳಲೂ ಬಾರದ ಡಾಕ್ಟರು "ಹಾಗೂ ಇಟ್ಕೊಳ್ಳಿ" ಎಂದರು.

"ಬೆರಳು ಸರಿಹೋಗುತ್ತಾ?"

"ಬೆರಳಿಗೆ ನಾನು ಮಾತು ಕೊಡಲ್ಲ. ಎಷ್ಟೋ ಜನಕ್ಕೆ ನೋವು ಹಾಗೇ ಉಳಿಯುತ್ತೆ. ಲಿವರ್ ಊದಿದೆ, ಇನ್ನೂ ಗಟ್ಟಿಯಾಗಿಲ್ಲ. ಈಗ ಇಳಿಸಿದ್ರೆ ಅದು ಉಳಿಯುತ್ತೆ. ತಡ ಮಾಡಿದ್ರೆ ನಿಮ್ಮಮ್ಮನ ದಾರಿ. ಕಬ್ಬಿಣದ ಟಾನಿಕ್ ಮುಟ್ಟಬೇಡಿ, ಕಬ್ಬಿಣದ ಬಾಣಲೆ ಬದಲಾಯಿಸಿ, ನೀರು ಚೆನ್ನಾಗಿ ಕುಡೀರಿ. ಮತ್ತೆ, ಒಡಹುಟ್ಟಿದವರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ."

ಒಡಹುಟ್ಟಿದವಳು ಬರಲಿಲ್ಲ.

"ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದೀನಿ" ಎಂದಳು ಗುಬ್ಬಿ. "ನಿಂದು ಸೂಜಿಯಿಂದ ಬಂದದ್ದು. ನಲವತ್ತು ವರ್ಷ ಬಾಯಲ್ಲಿ ಸೂಜಿ ಕಚ್ಕೊಂಡು ಕೂತ್ರೆ ಕಬ್ಬಿಣ ನಿನ್ನ ಹೊಟ್ಟೆಗೆ ಹೋಗದೆ ಪಕ್ಕದ ಮನೆಯವರ ಹೊಟ್ಟೆಗೆ ಹೋಗುತ್ತಾ?"

"ಅಮ್ಮ ಯಾವ ಸೂಜಿ ಕಚ್ತಿದ್ಲೇ?"

"ಅಮ್ಮಂಗೆ ಸಕ್ಕರೆ ಕಾಯಿಲೆ. ಅದು ಬೇರೆ."

ಅಲ್ಲಿಗೆ ಮಾತು ನಿಂತಿತು. ತಂಗಿ ಆಸ್ಪತ್ರೆಯವರೆಗೆ ಕೈ ಹಿಡಿದು ಕರೆದುಕೊಂಡು ಹೋಗುವಳು, ಒಳಗೆ ಕಾಲಿಡಳು. ಹೊರಗಿನ ಬೆಂಚಿನ ಮೇಲೆ ಚೀಲವನ್ನು ಎದೆಗವಚಿಕೊಂಡು ಕೂರುವಳು.

ರಕ್ತ ತೆಗೆಯುವ ಕೋಣೆಯಲ್ಲಿ ಹಿಂದಕ್ಕೆ ಬಾಗುವ ಎರಡು ಕುರ್ಚಿಗಳು ಪಕ್ಕಪಕ್ಕದಲ್ಲಿದ್ದವು. ಎದುರಿನ ಕಿಟಕಿಯಿಂದ ಆಸ್ಪತ್ರೆಯ ಬಟ್ಟೆ ಒಣಗಿಸುವ ಅಂಗಳ ಕಾಣುತ್ತಿತ್ತು. ಸಾಲುಸಾಲು ಬಿಳಿ ಹೊದಿಕೆಗಳು. ಗಾಳಿ ಬಂದರೆ ಅಷ್ಟೂ ಒಟ್ಟಿಗೆ ಉಬ್ಬುತ್ತಿದ್ದವು, ಒಟ್ಟಿಗೆ ಉಸಿರು ಬಿಡುತ್ತಿದ್ದವು. ನರ್ಸಮ್ಮ ಮೊಣಕೈ ಮಡಿಕೆಯಲ್ಲಿ ಸೂಜಿ ಚುಚ್ಚಿದ ಮೇಲೆ ನೂಲಕ್ಕ ಆ ಹೊದಿಕೆಗಳನ್ನೇ ನೋಡುತ್ತ ಮಲಗುತ್ತಿದ್ದಳು.

"ಆ ಕೊನೇ ಹೊದಿಕೆ ಮೂಲೇಲಿ ಹರಿದಿದೆ ನೋಡಿ."

"ನೂಲಕ್ಕಾ, ನಿಮ್ಮ ಕಣ್ಣಿಗೂ ಸ್ವಲ್ಪ ರಜಾ ಕೊಡಿ" ಎನ್ನುತ್ತಿದ್ದಳು ನರ್ಸಮ್ಮ.

"ಈ ರಕ್ತ ಏನು ಮಾಡ್ತೀರಿ?"

"ಇದನ್ನ ಇಲ್ಲಿ ಯಾರಿಗೂ ಕೊಡಲ್ಲ. ಚೆಲ್ತೀವಿ."

"ಅಯ್ಯೋ! ಗಿಡಕ್ಕಾದ್ರೂ ಹಾಕ್ರೇ."

ಕೆಳಗೆ ಚೀಲ ನಿಧಾನವಾಗಿ ತುಂಬುತ್ತಿತ್ತು. ಮೊದಲು ಬೆರಳ ತುದಿ ತಣ್ಣಗಾಗುವುದು, ಆಮೇಲೆ ಶಬ್ದಗಳು ದೂರವಾಗುವುದು. ನಿದ್ದೆಯಲ್ಲ, ಎಚ್ಚರವೂ ಅಲ್ಲ ಎನ್ನುತ್ತಿದ್ದಳು. ಬಟ್ಟೆಯ ಮೇಲೆ ಬಟ್ಟೆ ಹೊದಿಸಿದ ಹಾಗೆ ಒಂದರ ಮೇಲೊಂದು ಏನೇನೋ ಕಾಣುವುದಂತೆ. ಅಂಗಳದ ಹೊದಿಕೆಗಳು ಸೇರಿ ಒಂದೇ ಬಟ್ಟೆಯಾಗಿ ಊರಿನ ಮೇಲೆಲ್ಲ ಹರಡಿಕೊಳ್ಳುವುದು. ಅದರ ನಡುವೆ ಒಂದು ತೂತು. ತೂತಿನ ಅಂಚಿನಲ್ಲಿ ಇವಳು ಕೂತು ಎಳೆ ಎಣಿಸುತ್ತಿರುವಾಗ ಎಣಿಕೆ ತಪ್ಪಿಹೋಗುವುದು. ಒಂದು ಸಲ ನಾಲೆಯ ಮೇಲಿನ ಹಳೇ ಕಬ್ಬಿಣದ ಸೇತುವೆ ಬಾಗಿಲಿಗೆ ಬಂದು, ದೊಡ್ಡ ಮೈಯನ್ನು ಸಂಕೋಚದಿಂದ ಕುಗ್ಗಿಸಿಕೊಂಡು, "ನನ್ನದೊಂದು ಮೊಳೆ ನಿಮ್ಮ ಹತ್ತಿರ ಉಳಿದಿದೆಯಂತಲ್ಲಾ" ಎಂದು ಕೇಳಿತಂತೆ. ಅದರ ಹಿಂದೆ ಬೀದಿಯ ನಲ್ಲಿಗಳು, ಕಿಟಕಿಯ ಸರಳುಗಳು, ಒಂದು ಕುಂಟು ಬಾಗಿಲಿನ ಅಗುಳಿ, ಎಲ್ಲ ಸಾಲಾಗಿ ನಿಂತು ತಮ್ಮ ತಮ್ಮದನ್ನು ವಾಪಸು ಕೇಳಿದವಂತೆ. ಇವಳು ಕೊಕ್ಕೆಯಿಂದ ಕೋಟು ತೆಗೆದು ಕೊಡುವ ಹಾಗೆ ಒಂದೊಂದನ್ನೇ ತೆಗೆದು ಕೊಟ್ಟಳಂತೆ.

"ರಸೀದಿ ಕೇಳಿದ್ಯಾ?" ಎಂದೆ ನಾನು.

"ಕನಸಲ್ಲಿ ಯಾರು ರಸೀದಿ ಇಟ್ಕೋತಾರೆ ಟೀಚರಮ್ಮಾ" ಎಂದು ಸೂಜಿ ಕಚ್ಚಿಕೊಂಡು ನಕ್ಕಳು.

ಆ ಕನಸಿಗೆ ತಾಯಿಯೂ ಬರುತ್ತಿದ್ದಳು. ಮೈಯೆಲ್ಲ ಹೊಂಬಣ್ಣ, ಮಾತಿಲ್ಲ. ಕೋಣೆಯಲ್ಲಿ ಒಂದು ಸುತ್ತು ನಡೆದು, ಕೋಟುಗಳ ತೋಳು ಮುಟ್ಟಿ ನೋಡಿ ಹೋಗುವಳು. ಅವಳು ನಡೆದ ನೆಲದ ಮೇಲೆ ಕೆಂಪು ಪುಡಿಯ ಹೆಜ್ಜೆಗಳು ಉಳಿಯುತ್ತಿದ್ದವು. ಗುಡಿಸಿದರೆ ಹೋಗುತ್ತಿರಲಿಲ್ಲ.

ರಕ್ತ ಕೊಟ್ಟ ದಿನ ಮಧ್ಯಾಹ್ನವೆಲ್ಲ ಅವಳು ಹೊಲಿಗೆಯ ಬೆಂಚಿನ ಮೇಲೆ ಅಡ್ಡಾಗಿರುತ್ತಿದ್ದಳು. ಎದ್ದು ನಿಂತರೆ ಕೋಣೆ ಒಂದು ಸುತ್ತು ತಿರುಗಿ ಆಮೇಲೆ ನಿಲ್ಲುವುದು. ಕೈಯ ನೋವು ಹಾಗೇ ಇತ್ತು. ಎರಡೂ ಮೊಣಕೈಯ ಒಳಗೆ ಹಳದಿ ನೀಲಿ ಕಲೆಗಳು. ಆದರೆ ಒಂದು ಬದಲಾವಣೆ ಕಾಣುತ್ತಿತ್ತು: ಹೊಂಬಣ್ಣ ತಿಳಿಯಾಗತೊಡಗಿತ್ತು. ಕೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲಿ, ಅವಳ ಹಳೆಯ ಸಾದಾ ಬಣ್ಣ ಇಣುಕುತ್ತಿತ್ತು.

ತಂಗಿ ಇದನ್ನು ನೋಡುತ್ತಿದ್ದಳು. ದಿನಾ ಚಿತ್ರಮಂದಿರಕ್ಕೆ ಹೊರಡುವ ಮೊದಲು ಕಪ್ಪು ದ್ರಾಕ್ಷಿ ಹಿಂಡಿ ಒಂದು ದೊಡ್ಡ ಲೋಟ ರಸ ಮಾಡಿ, ತಟ್ಟೆ ಮುಚ್ಚಿ, ಅಕ್ಕನ ಕೈಗೆಟಕುವಲ್ಲಿ ಇಟ್ಟು ಹೋಗುವಳು. ವಾಪಸು ಬಂದು ಲೋಟ ಬರಿದಾಗಿದೆಯೇ ಎಂದು ಬಗ್ಗಿ ನೋಡುವಳು.

ಬೇಸಿಗೆ ಮುಗಿಯಿತು. ನರ್ಸಮ್ಮ ಪ್ರತಿ ಸಲವೂ "ನಿಮ್ಮ ರಕ್ತ ಎಷ್ಟು ಚೆನ್ನಾಗಿ ಊರುತ್ತೆ ನೂಲಕ್ಕಾ, ಬಾವಿ ಹಾಗೆ!" ಎಂದು ಹೊಗಳುತ್ತಿದ್ದಳು. ಒಳಗಿನ ದಾಸ್ತಾನಿನ ಪರೀಕ್ಷೆ ಮಾತ್ರ ಬೇರೆ ಮಾತು ಹೇಳಿತು. ಮೊದಲೊಂದಿಷ್ಟು ಇಳಿದದ್ದು ಅಲ್ಲೇ ನಿಂತು, ಆಮೇಲೆ ಮೇಲಕ್ಕೇ ಹೋಗಿತ್ತು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ತೆಗೆದ ಮೇಲೆ ಇಳೀಲೇಬೇಕು. ಏನು ತಿಂತಿದೀರಿ ನಿಜ ಹೇಳಿ."

ನೂಲಕ್ಕ ನಿಜವನ್ನೇ ಹೇಳಿದಳು. ಟಾನಿಕ್ ಇಲ್ಲ, ಬಾಣಲೆ ಬದಲಾಗಿದೆ, ಮೈ ಕಬ್ಬಿಣ ಹೀರದ ಹಾಗೆ ಊಟದ ಜೊತೆ ಚಹಾ. ಡಾಕ್ಟರ ಮುಖ ನಂಬಿದ ಮುಖವಾಗಿರಲಿಲ್ಲ. ಇನ್ನೊಂದು ತಿಂಗಳು ನೋಡಿ, ಇಳಿಯದಿದ್ದರೆ ಲಿವರಿನೊಳಗೇ ಸೂಜಿ ಹಾಕಿ ಚೂರು ತೆಗೆದು ನೋಡಬೇಕು, ಗಟ್ಟಿಯಾಗತೊಡಗಿದೆಯೋ ಏನೋ ಎಂದರು. ಅವಳು ಹೆದರಿದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ. ಮೆಟ್ಟಿಲ ಬುಡದಲ್ಲಿ ನಿಂತು, "ಮಡಿಕೇಲಿ ಎಳೆ ಖಾಲಿಯಾಗ್ತಾನೇ ಇಲ್ಲ ಟೀಚರಮ್ಮ. ನಾನು ತೆಗೀತಾ ಇದ್ರೆ ಹಿಂದಿಂದ ಯಾರೋ ತುಂಬ್ತಾ ಇದ್ದಾರೆ" ಎಂದಳು. ಬರೀ ಮಾತಿಗೆ ಹೇಳಿದ್ದು.

ಆ ವಾರ ಹೋಟೆಲಿನ ವಾದ್ಯದವರಲ್ಲಿ ತುತ್ತೂರಿ ಊದುವ ಮುದುಕ ತನ್ನ ಬಿಳಿ ಕೋಟು ತಂದುಕೊಟ್ಟ. ಎದೆಯ ಮೇಲೆ ಸಿಗರೇಟಿನ ತೂತು.

"ಶನಿವಾರಕ್ಕೆ ಬೇಕಮ್ಮ. ಇದಿಲ್ದೆ ನಿಂತ್ರೆ ಜನ ನನ್ನ ಅಡುಗೆಯವನು ಅಂದ್ಕೋತಾರೆ."

"ಊದೋದು ಕೇಳಿದ ಮೇಲೂ ಹಾಗೇ ಅಂದ್ಕೊಂಡ್ರೆ ನಾನೇನು ಮಾಡ್ಲಿ ಮಾಮ?" ಎಂದು ನೂಲಕ್ಕ ಕೋಟು ಇಸಿದುಕೊಂಡಳು.

ರಫೂ ಮುಗಿಯಿತು. ನಿಧಾನವಾಗಿ, ಹೆಬ್ಬೆರಳಿಗೂ ಉಂಗುರಬೆರಳಿಗೂ ಸೂಜಿ ಒಪ್ಪಿಸಿ ಮಾಡಿದ ಕೆಲಸ. ಮುಗಿದ ಖುಷಿಯಲ್ಲಿ ಬಲಗೈಯಲ್ಲಿ ದ್ರಾಕ್ಷಿಯ ಲೋಟ ಎತ್ತಿದಳು. ಆ ಎರಡು ಬೆರಳು ಕೈಕೊಟ್ಟವು. ಲೋಟ ಉರುಳಿತು. ಕೋಟಿನ ಬಿಳಿ ತೋಳಿನ ಮೇಲೆ ಅಂಗೈಯಗಲದ ನೇರಳೆ ಕಲೆ.

ಅವಳು ಗಾಬರಿಯಾಗಲಿಲ್ಲ. ಹಣ್ಣಿನ ಕಲೆಗೆ ಏನು ಮಾಡಬೇಕೆಂದು ಅವಳಿಗೆ ಗೊತ್ತು. ತೋಳನ್ನು ಪಾತ್ರೆಯ ಬಾಯಿಗೆ ಬಿಗಿದು ಕಟ್ಟಿ, ಕುದಿಯುವ ನೀರನ್ನು ಎತ್ತರದಿಂದ ಸುರಿದಳು. ನೇರಳೆ ಹೋಯಿತು. ಹೋದ ಜಾಗದಲ್ಲಿ ತೆಳು ಹಳದಿಯ ಒಂದು ಉಂಗುರ ಉಳಿಯಿತು. ಸೋಪು ಹಾಕಿದಳು. ಉಂಗುರ ಕಂದುಬಣ್ಣಕ್ಕೆ ತಿರುಗಿ ಇನ್ನಷ್ಟು ಗಟ್ಟಿಯಾಯಿತು. ಆಗ ಅವಳ ಕೈ ನಿಂತಿತು. ಸೋಪಿಗೆ ಗಟ್ಟಿಯಾಗುವ ಕಲೆ ಹಣ್ಣಿನದಲ್ಲ.

ನಿಂಬೆರಸ, ಉಪ್ಪು ಹಚ್ಚಿ ಕೋಟನ್ನು ಬಿಸಿಲಿಗೆಂದು ಮೇಲೆ ತಾರಸಿಗೆ ತಂದಳು. ನಾನು ಅಲ್ಲಿ ಓದುತ್ತ ಕೂತಿದ್ದೆ. ಕೋಟಿನ ತೋಳನ್ನು ಕಟ್ಟೆಯ ಮೇಲೆ ಚಾಚಿ, ಪಕ್ಕದಲ್ಲಿ ತಾನೂ ಕೂತಳು. ಬಿಸಿಲು, ದೂರದಲ್ಲಿ ಯಾರದೋ ರೇಡಿಯೋ, ಹಗ್ಗದ ಮೇಲೆ ಅಲ್ಲಾಡುವ ಬಟ್ಟೆಗಳು. ನಮ್ಮ ಕಣ್ಣೆದುರಿಗೇ ಕಂದು ಉಂಗುರ ಅಂಚಿನಿಂದ ಒಳಕ್ಕೆ ಕರಗುತ್ತ ಬಂತು.

"ನಿಂಬೆ ಉಪ್ಪಿಗೆ ಹೋಗೋದು ತುಕ್ಕು ಒಂದೇ" ಎಂದಳು, ನನಗೆ ಹೇಳಿದ ಹಾಗಲ್ಲ. "ದ್ರಾಕ್ಷಿಗೆ ತುಕ್ಕು ಎಲ್ಲಿಂದ ಬರುತ್ತೆ?"

ಲೋಟದ ತಳದಲ್ಲಿ ಉಳಿದಿದ್ದನ್ನು ಕೆಳಗೆ ಹೋಗಿ ನಾಲಿಗೆಯ ತುದಿಯಲ್ಲಿಟ್ಟು ನೋಡಿದಳಂತೆ. ಸಿಹಿಯ ಹಿಂದೆ ಲೋಹದ ರುಚಿ. ಇಷ್ಟು ದಿನ ಅದು ತಿಳಿಯದೆ ಹೋದದ್ದು ಹೇಗೆ? ಸೂಜಿ ಕಚ್ಚುವ ಬಾಯಿಗೆ ಅದು ಬಾಯಿಯದೇ ರುಚಿ. ಅವಳು ಅದನ್ನು ಯಾವತ್ತೂ ರುಚಿ ಎಂದೇ ಎಣಿಸಿರಲಿಲ್ಲ.

ಸಂಜೆ ಗುಬ್ಬಿ ಬರುವ ಹೊತ್ತಿಗೆ ನಾನು ರಫೂಗೆ ಕೊಟ್ಟಿದ್ದ ನನ್ನ ಶಾಲು ತೆಗೆದುಕೊಂಡು ಹೋಗಲು ಕೆಳಗಿಳಿದು ಅಲ್ಲೇ ಸಿಕ್ಕಿಬಿದ್ದೆ. ಎದ್ದು ಹೋಗುವಂತಿರಲಿಲ್ಲ, ಬಾಗಿಲಿಗೆ ಅಡ್ಡವಾಗಿ ಗುಬ್ಬಿಯೇ ನಿಂತಿದ್ದಳು.

"ದ್ರಾಕ್ಷಿ ಯಾವ ಅಂಗಡಿದೇ ಗುಬ್ಬಿ?"

"ಮೂಲೆ ಅಂಗಡಿದು. ಯಾಕೆ, ಹುಳೀನಾ?"

"ಹುಳಿ ಅಲ್ಲ. ತುಕ್ಕು."

ಗುಬ್ಬಿ ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲಲ್ಲೇ ನಿಂತಳು. ಸುಳ್ಳು ಹೇಳಲು ಬಾಯಿ ತೆರೆದಳು, ಕೋಟು ನೋಡಿದಳು, ಮುಚ್ಚಿದಳು.

"ಟಾನಿಕ್ ಎಷ್ಟು ಹಾಕ್ತಿದ್ದೀ?"

"ಮುಚ್ಚಳದ ಲೆಕ್ಕ... ಮೇಲೊಂದಿಷ್ಟು."

"ಯಾವಾಗಿಂದ?"

"ನಿನ್ನ ಮುಖ ನೋಡ್ಕೊಂಡಿದೀಯಾ?" ಗುಬ್ಬಿ ಒಮ್ಮೆಲೇ ಸಿಡಿದಳು. "ಕನ್ನಡಿ ಮುಂದೆ ನಿಂತು ನೋಡ್ಕೋ. ಬೂದಿ ಬಳಿದ ಹಾಗಾಗಿದೆ! ವಾರವಾರ ಚೀಲ ತುಂಬ ರಕ್ತ ಬಸ್ಕೋತಾರೆ, ನೀನು ಗೋಡೆ ಹಿಡ್ಕೊಂಡು ನಡೀತೀಯ, ನಾನು ಬೆಂಚಿನ ಮೇಲೆ ಕೂತು ನೋಡ್ತಾ ಇರ್ಬೇಕಾ? ಅಮ್ಮನ ಬಣ್ಣ ನಿನ್ನ ಮೈಮೇಲೆ ಬಂದಿತ್ತು ಕಣೇ. ನೀನು ಬಾಗಿಲಲ್ಲಿ ನಿಂತ್ರೆ ಅಮ್ಮ ನಿಂತ ಹಾಗಿರ್ತಿತ್ತು. ಅದನ್ನೂ ತೊಳೆದು ಹಾಕ್ತಿದ್ದಾರೆ."

"ಅಮ್ಮ ಹೋಗಿ ಎಷ್ಟು ವರ್ಷ ಆಯ್ತು?"

"ಹೊಂಬಣ್ಣದಲ್ಲೇ ಹೋದ್ಲು. ನಾನೇ ನೋಡಿದೀನಿ."

"ಹೌದು, ಅದರಿಂದಲೇ ಹೋದ್ಲು. ನಾನು ಹೇಳೋದೂ ಅದೇ."

ಕೋಣೆಯಲ್ಲಿ ಬೆಳಕು ಇಳಿಯುತ್ತಿತ್ತು. ಕೊಕ್ಕೆಗಳ ಮೇಲೆ ಕೋಟುಗಳು ಒಂದೊಂದೇ ಬಣ್ಣ ಕಳೆದುಕೊಂಡು ಬರೀ ಆಕಾರಗಳಾಗುತ್ತಿದ್ದವು. ಈಗ ಕಿಟಕಿಯ ಪಕ್ಕಕ್ಕೆ ಬಂದು ನಿಂತಿದ್ದರಿಂದ ಗುಬ್ಬಿಯ ಮುಂಗೈ ಮಾತ್ರ ಇನ್ನೂ ಬೆಳಗುತ್ತಿತ್ತು. ನೂಲಕ್ಕ ಅದನ್ನೇ ನೋಡುತ್ತಿದ್ದಳು. ಆಮೇಲೆ, ಬಟ್ಟೆ ಕೇಳುವಷ್ಟೇ ಸಹಜವಾಗಿ, "ಕೈ ಕೊಡು" ಎಂದಳು.

ಗುಬ್ಬಿ ಕೊಟ್ಟಳು. ನೂಲಕ್ಕ ಎರಡು ಗೆಣ್ಣುಗಳನ್ನು ಹಿಡಿದು ಮೆಲ್ಲಗೆ ಒತ್ತಿದಳು.

"ಅಯ್ಯೋ! ಬಿಡೇ, ರಾಕ್ಷಸೀ!"

"ಇದು ಯಾವ ಸೂಜಿಯಿಂದ ಬಂತು?"

"ಟಿಕೆಟ್ ಹರಿದು ಹರಿದು..."

"ಆ ಟಾನಿಕ್ ನೀನೂ ಕುಡೀತೀಯಾ?"

ಗುಬ್ಬಿ ಕೈ ಎಳೆದುಕೊಂಡಳು. ಆಮೇಲೆ, ಸಣ್ಣ ದನಿಯಲ್ಲಿ: "ನಂಗೂ ಸುಸ್ತು ಇರುತ್ತಲ್ಲ."

ನೂಲಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಗುಬ್ಬಿ ತಿರುಗಿ ಕೂಗಾಡಿ ಅಲ್ಲಿಗೆ ಮುಗಿಸುತ್ತಿದ್ದಳು. "ಬುಧವಾರ ರಕ್ತ ತೆಗೆಸೋಕೆ ನಾನು ಆಸ್ಪತ್ರೆಗೆ ಹೋಗಲ್ಲ. ನೀನು ಪರೀಕ್ಷೆಗೆ ಒಂದು ಸಣ್ಣ ಕೊಳವೆ ರಕ್ತ ಕೊಡೋವರೆಗೆ ನಾನು ಆ ಕುರ್ಚಿ ಮೇಲೆ ಕೂರಲ್ಲ."

"ಹೆದರಿಸ್ತೀಯಾ?"

"ಹೂಂ. ಹೆದರಿಸ್ತಿದೀನಿ."

ನಾನು ಶಾಲು ಮಡಚಿಕೊಂಡು ಹೊರಟೆ. ಇದು ಮೂರ್ಖತನ, ತನ್ನ ಲಿವರನ್ನು ಒತ್ತೆಯಿಟ್ಟು ಆಡುವ ಆಟ ಎಂದು ಮಾರನೆಯ ದಿನ ಅವಳಿಗೆ ಹೇಳಿದೆ ಕೂಡ. "ಗೊತ್ತು ಟೀಚರಮ್ಮ. ಬೇರೆ ಏನೂ ನನ್ನ ಕೈಲಿಲ್ಲ" ಎಂದಳು.

ಬುಧವಾರ ಅವಳು ಹೋಗಲಿಲ್ಲ. ಚೆನ್ನಾಗಿ ಬಾಚಿಕೊಂಡು, ಹೊರಡುವವಳಂತೆ ಸೀರೆಯುಟ್ಟು, ಮೇಜಿನ ಮುಂದೆಯೇ ಕೂತಿದ್ದಳು. ಗುಬ್ಬಿ ಎದುರಿಗೇ ಓಡಾಡಿದಳು, ಪಾತ್ರೆ ಕುಕ್ಕಿದಳು, "ಯಾರಿಗೆ ನಷ್ಟ? ನಿನಗೇ!" ಎಂದಳು, ಬಾಗಿಲು ಧಡಾರೆಂದು ಹಾಕಿ ಚಿತ್ರಮಂದಿರಕ್ಕೆ ಹೋದಳು. ದ್ರಾಕ್ಷಿಯ ರಸ ಇರಲಿಲ್ಲ. ಆ ಜಾಗದಲ್ಲಿ ನೀರಿತ್ತು. ಮುಂದಿನ ಬುಧವಾರವೂ ಹಾಗೆಯೇ ಆಯಿತು.

ಆ ಎರಡು ವಾರ ನೂಲಕ್ಕನಿಗೆ ಹಗಲುಗನಸು ಬರಲಿಲ್ಲವಂತೆ. ಬೆಂಚಿನ ಮೇಲೆ ಅಡ್ಡಾದರೆ ಬರೀ ಸೂರು ಕಾಣುತ್ತಿತ್ತು.

ಆಮೇಲೆ ಏನಾಯಿತು ಎನ್ನುವುದನ್ನು ಗುಬ್ಬಿಯೇ ನನಗೆ ಹೇಳಿದ್ದು. ಮಧ್ಯಾಹ್ನದ ಆಟ ಶುರುವಾಗಿ, ಕಿಟಕಿಯ ಮುಂದೆ ಯಾರೂ ಇರಲಿಲ್ಲ. ಹೊರಗೆ ಬಿಳಿ ಬಿಸಿಲು, ಗಾಜಿನಲ್ಲಿ ಇವಳ ಮುಖ. ಎಂದಿನಂತೆ ನೋಡಿಕೊಂಡಳು. ಮುಖ ಚೆನ್ನಾಗಿಯೇ ಇತ್ತು, ಹೊಳೆಯುತ್ತಿತ್ತು. ನೋಡುತ್ತಾ ನೋಡುತ್ತಾ ಅದು ತನ್ನದಲ್ಲ, ಗಾಜಿನ ಆಚೆ ಅಮ್ಮ ನಿಂತಿದ್ದಾಳೆ ಅನಿಸಿತು. ಖುಷಿಯಾಯಿತು. ಅಮ್ಮ ತೂತಿನಿಂದ ಕೈ ಒಳಗೆ ಚಾಚಿ ಟಿಕೆಟ್ ಕೇಳಿದಳು.

"ಒಂದಾ ಎರಡಾ ಅಂತ ಕೇಳ್ದೆ ಟೀಚರಮ್ಮ. ಅಭ್ಯಾಸ ನೋಡಿ. ಎರಡು ಅಂದ್ಲು, ಅಕ್ಕಂಗೊಂದು ನಂಗೊಂದು ಅನ್ನೋ ಹಾಗೆ."

"ಆಮೇಲೆ?"

"ಆಮೇಲೇನು. ಟಿಕೆಟ್ ಹರಿಯೋಕೆ ಹೋದೆ. ಬೆರಳು ಬಗ್ಗಲಿಲ್ಲ. ಗಾಜಿನ ಆಚೆ ಯಾರೂ ಇರ್ಲಿಲ್ಲ. ಕೂಡಲೇ ಎದ್ದು ಮನೆಗೆ ಬಂದೆ. ಮ್ಯಾನೇಜರ್ರು ಬಾಯಿಗೆ ಬಂದ ಹಾಗೆ ಬಯ್ದ, ಬಯ್ಯಲಿ."

ಅವಳು ಬಂದಾಗ ನೂಲಕ್ಕ ಕೋಟೊಂದರ ಒಳಮಡಿಕೆ ಬಿಚ್ಚುತ್ತಿದ್ದಳು. ಗುಬ್ಬಿ ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟೇ: "ಬಸ್ಸಿಗೆ ಚಿಲ್ಲರೆ ಇದೆಯಾ? ನನ್ನ ಹತ್ರ ಬರೀ ನೋಟು."

ಗುಬ್ಬಿಯ ರಕ್ತದಲ್ಲೂ ಅದೇ ಸಿಕ್ಕಿತು. ಅಕ್ಕನಷ್ಟಿಲ್ಲ, ಆದರೆ ಸಾಕಷ್ಟು. ಲಿವರಿಗೆ ಇನ್ನೂ ಏನೂ ಆಗಿಲ್ಲ ಎಂದರು ಡಾಕ್ಟರು. ಹತ್ತು ವರ್ಷ ಬಿಟ್ಟು ಬಂದಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದೂ ಸೇರಿಸಿದರು. ಟಾನಿಕ್ಕಿನ ಕಥೆ ಕೇಳಿ ಅವರು ಕನ್ನಡಕ ಹಾಕಿಕೊಂಡು ಗುಬ್ಬಿಯನ್ನು ಬಹಳ ಹೊತ್ತು ನೋಡಿ, "ನಿಮ್ಮಕ್ಕನ್ನ ನಾನು ಸುಳ್ಳುಗಾರ್ತಿ ಅಂದ್ಕೊಂಡಿದ್ದೆ" ಎಂದರಂತೆ. ಗುಬ್ಬಿ ಜೀವಮಾನದಲ್ಲಿ ತಲೆ ತಗ್ಗಿಸಿದ್ದು ಅದೊಂದೇ ಸಲ ಎಂದು ನೂಲಕ್ಕ ಹೇಳುತ್ತಾಳೆ. ಲಿವರಿಗೆ ಸೂಜಿ ಹಾಕುವ ಮಾತು ಅಲ್ಲಿಗೇ ನಿಂತಿತು. ಮಳೆಗಾಲದ ಕೊನೆಯ ಹೊತ್ತಿಗೆ ನೂಲಕ್ಕನ ದಾಸ್ತಾನು ಇಳಿಯತೊಡಗಿ, ಇಳಿಯುತ್ತಲೇ ಹೋಯಿತು.

ಬೆರಳು ಸರಿಹೋಗಲಿಲ್ಲ. ಸರಿಹೋಗುವ ಸೂಚನೆಯೂ ಇಲ್ಲ. ಹೆಬ್ಬೆರಳು ಉಂಗುರಬೆರಳಿನ ಹೊಸ ಹಿಡಿತದಲ್ಲಿ ಅವಳ ಕೆಲಸ ಮೊದಲಿನ ಅರ್ಧದಷ್ಟು ವೇಗದಲ್ಲಿ ಸಾಗುತ್ತದೆ. ಚಳಿ ಬಿದ್ದ ದಿನ ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತಿರುತ್ತಾಳೆ. ನನ್ನ ಶಾಲಿನ ರಫೂ ಎಲ್ಲಿದೆಯೆಂದು ನನಗೆ ಕಾಣುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಎಳೆ ತುಸು ಮೇಲೆದ್ದಿದೆ. ಅದನ್ನು ಅವಳಿಗೆ ಹೇಳಿದೆ, ಏಕೆಂದರೆ ಹೇಳದಿದ್ದರೂ ಅವಳಿಗೆ ಗೊತ್ತಿರುತ್ತದೆ. "ಇರ್ಲಿ ಬಿಡಿ, ನಾನು ಮಾಡಿದ್ದು ಅಂತ ಗುರುತಿಗಾಯ್ತು" ಎಂದಳು.

ಈಗ ಬುಧವಾರ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಎರಡು ಕುರ್ಚಿಗಳಲ್ಲಿ ಅಕ್ಕ ತಂಗಿ ತೋಳು ಚಾಚಿ ಮಲಗಿದ್ದರು. ಕಿಟಕಿಯಾಚೆ ಹೊದಿಕೆಗಳು ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ನೂಲಕ್ಕನ ಕಣ್ಣು ಅರ್ಧ ಮುಚ್ಚಿತ್ತು, ತುಟಿಯ ಮೂಲೆಯಲ್ಲಿ ಸೂಜಿಯಿರುವಾಗಿನ ನಗು. ಸೇತುವೆ ಮತ್ತೆ ಬಂದಿರಬೇಕು.

"ನಿಂಗೇನು ಕಾಣ್ತಿದೆಯೇ ಗುಬ್ಬಿ?" ಎಂದಳು ಕಣ್ಣು ತೆರೆಯದೆ.

ಗುಬ್ಬಿ ತಲೆ ಎತ್ತಿ, ಕೆಳಗೆ ತುಂಬುತ್ತಿದ್ದ ಚೀಲವನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದಳು.

"ಏನೂ ಕಾಣ್ತಿಲ್ಲ. ಹೊಟ್ಟೆ ಹಸೀತಿದೆ."